ಮಂಜಿನ ಊರಿನ ತುರುಬು

"ಜಡೆ ಹಾಕೋಕೆ ಯಾರಿಗೆ ಬರಲ್ಲ? ಅದನ್ನೂ ಕಲೀಬೇಕಾ?" ಪಾರ್ಲರಿಗೆ ಸಹಾಯಕಿಯಾಗಿ ಸೇರುತ್ತೇನೆಂದ ಮೂಡಿಗೆರೆ ಕಡೆಯ ಹುಡುಗಿಗೆ ಮನೆಯಲ್ಲಿ ಮೊದಲು ಸಿಗುವ ಮಾತಿದು. ಪಿನ್ ಎತ್ತಿಕೊಡುವುದು, ನೆಲ ಗುಡಿಸುವುದು, ಅಷ್ಟೇ ಎಂಬ ನಂಬಿಕೆ. ಆದರೆ ಮದುಮಗಳ ತುರುಬು ಧಾರೆ ಮುಗಿಯುವ ತನಕ ನಿಲ್ಲುತ್ತದೋ ಜಾರುತ್ತದೋ ಎಂಬುದು ಬಹುಪಾಲು ಈ ಸಹಾಯಕಿಯ ಕೈಯಲ್ಲೇ ಇದೆ. ಸಿಕ್ಕು ಬಿಡಿಸಿ, ಒಣಗಿಸಿ, ಬೈತಲೆ ತೆಗೆದು ಭಾಗ ಮಾಡಿಕೊಡುವವಳು ಅವಳು.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡಿಸುವ ನಂಬಿಕೆ, ಸ್ಪ್ರೇ ಹೊಡೆದರೆ ಎಲ್ಲವೂ ನಿಲ್ಲುತ್ತದೆ ಎಂಬುದು. ಆದರೆ ಕೊಟ್ಟಿಗೆಹಾರ, ಕಳಸದಂಥ ಮಂಜಿನ ಊರುಗಳಲ್ಲಿ ಗಾಳಿಯಲ್ಲೇ ನೀರಿರುತ್ತದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದರೊಳಗಿನ ಹೈಡ್ರೋಜನ್ ಬಂಧಗಳು ಒದ್ದೆಯಾದಾಗ ಸಡಿಲುತ್ತವೆ. ಒಣಗುವಾಗ ಕೂದಲು ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲೇ ಮತ್ತೆ ಬಿಗಿಯುತ್ತವೆ. ಡ್ರೈಯರಿನಿಂದ ಗುಂಗುರು ಕೂರುವುದು ಹೀಗೆ, ಮಂಜು ತಾಗಿ ಅದು ಬಿಚ್ಚಿಕೊಳ್ಳುವುದೂ ಹೀಗೆ. ಮೇಲೆ ಒಣಗಿದಂತೆ ಕಂಡರೂ ಹಿಂದಲೆಯ ಬುಡದಲ್ಲಿ, ಕಿವಿಯ ಹಿಂದೆ ತಂಪು ಉಳಿದಿರುತ್ತದೆ. ಅಲ್ಲಿ ಬೆರಳು ತೂರಿಸಿ ನೋಡಲೇಬೇಕು. ಬಿಸಿಯಾಗಿ ಸುತ್ತಿದ ಸುರುಳಿಗೆ ಕ್ಲಿಪ್ ಹಾಕಿ ಪೂರ್ತಿ ತಣಿಯಲು ಬಿಡಬೇಕು. ಹೊತ್ತಾಯಿತೆಂದು ಒದ್ದೆ ಕೂದಲಿಗೇ ಸ್ಟ್ರೈಟ್ನರ್ ಒತ್ತಿದರೆ ಒಳಗಿನ ನೀರು ಆವಿಯಾಗಿ ಎಳೆಯಲ್ಲಿ ಗುಳ್ಳೆಯೇಳುತ್ತದೆ. ಮುಂದೆ ಕೂದಲು ಅಲ್ಲಿಯೇ ತುಂಡಾಗುತ್ತದೆ.

ಆಗಷ್ಟೇ ಮಿಂದ ಕೂದಲೇ ತುರುಬಿಗೆ ಚೆಂದ ಎನ್ನುತ್ತಾರೆ. ದಾಸವಾಳ ಸೊಪ್ಪಿನ ಗೊಂಪು, ಅಂದರೆ ಲೋಳೆ, ಹಾಕಿ ಮಿಂದ ತಲೆಯನ್ನು ಮುಟ್ಟಿ ನೋಡಿ, ರೇಷ್ಮೆಯಂತಿರುತ್ತದೆ. ಕೂದಲಿಗೆ ಹಿತ, ಪಿನ್ನಿಗೆ ಹಿಡಿತವಿಲ್ಲ. ಎಣ್ಣೆ ಶಾಸ್ತ್ರದ ಎಣ್ಣೆ ಉಳಿದಿದ್ದರೂ ಅದೇ ಕಥೆ. ಹಿಂದಿನ ದಿನವೇ ಚೆನ್ನಾಗಿ ತೊಳೆದಿಟ್ಟರೆ ಅನುಕೂಲ. ಶಾಸ್ತ್ರಕ್ಕೆ ಬೆಳಿಗ್ಗೆಯೇ ತಲೆಗೆ ನೀರು ಬೀಳಬೇಕೆನ್ನುವ ಮನೆಯಲ್ಲಿ ವಾದ ಬೇಡ, ಒಣಗಿಸಲು ಒಂದು ಗಂಟೆ ಹೆಚ್ಚು ಕೇಳಿ ಪಡೆಯಿರಿ.

ಬಾಬಿ ಪಿನ್ನಿನ ಅಲೆಯಲೆಯಾದ ಬದಿ ಮೇಲೆ ಕಾಣಬೇಕೆಂದು ಬಹಳ ಮಂದಿ ತಿಳಿದಿದ್ದಾರೆ. ಆ ಬದಿ ಇರಬೇಕಾದದ್ದು ತಲೆಯ ಕಡೆಗೆ; ಕೂದಲನ್ನು ಹಿಡಿಯುವುದೇ ಆ ಏರಿಳಿತ. ಎರಡು ಪಿನ್ನನ್ನು ಒಂದರ ಮೇಲೊಂದು ಅಡ್ಡ ಹಾಕಿದರೆ ಮಲ್ಲಿಗೆ ದಂಡೆಯ ಭಾರ ತಡೆಯುತ್ತದೆ. ದಂಡೆ ಬಾಡದಿರಲೆಂದು ಚಿಮುಕಿಸಿದ ನೀರನ್ನು ಕೊಡವಿಯೇ ಮುಡಿಸಿ. ಇಲ್ಲವಾದರೆ ಅಷ್ಟು ಹೊತ್ತು ಒಣಗಿಸಿದ್ದಕ್ಕೆ ಅರ್ಥವೇ ಇರುವುದಿಲ್ಲ. ಇನ್ನು ಸಿಕ್ಕು: ಬುಡದಿಂದ ಬಾಚಿದರೆ ಬೇಗ ಬಿಡುತ್ತದೆ ಎಂಬುದು ಅಮ್ಮಂದಿರ ಅವಸರ. ಕೂದಲನ್ನು ಮುಷ್ಟಿಯಲ್ಲಿ ಹಿಡಿದು, ತುದಿಯಿಂದ ಶುರುಮಾಡಿ ಮೇಲೇರಬೇಕು. ಒದ್ದೆ ಕೂದಲು ಬೇಗ ಹಿಗ್ಗಿ ತುಂಡಾಗುವುದರಿಂದ ಆಗ ಅಗಲ ಹಲ್ಲಿನ ಬಾಚಣಿಗೆಯೇ ಸರಿ.

ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬುದೂ ಬರೀ ನಂಬಿಕೆ. ಬೆಳೆಯುವುದು ಬುಡದಿಂದ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಕತ್ತರಿಯಿಂದ ಸೀಳು ತುದಿ ಹೋಗುತ್ತದೆ, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಮಣಿಯಬೇಡಿ. ಪೊಟ್ಟಣದ ಮೇಲೆ 'ಹರ್ಬಲ್' ಎಂದಿರುವ ಕಪ್ಪು ಮೆಹಂದಿಗೆ ಪರೀಕ್ಷೆ ಬೇಡ ಎನ್ನುತ್ತಾರೆ. ಅಂಥ ಎಷ್ಟೋ ಪುಡಿಗಳಲ್ಲಿ ಕಪ್ಪು ಬರುವುದು ಪಿಪಿಡಿ ಎಂಬ ರಾಸಾಯನಿಕದಿಂದ. ಒಗ್ಗದವರಿಗೆ ಮುಖವೇ ಊದಿಕೊಳ್ಳಬಹುದು. 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡಿ. ತುರಿಕೆ, ಕೆಂಪು ಕಂಡರೆ ಬಣ್ಣ ಬೇಡವೇ ಬೇಡ.

ಇದನ್ನೆಲ್ಲ ಕಲಿಯಲು ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ಚಾರ್ಮಾಡಿ ಘಾಟಿ ಇಳಿದರೆ ಉಜಿರೆ. ಅಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಮೇತ ಉಚಿತ ತರಬೇತಿ ಕೊಡುತ್ತದೆ, ಬ್ಯೂಟಿ ಪಾರ್ಲರ್ ಕೆಲಸವೂ ಅದರಲ್ಲಿದೆ. ಅದೇ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಆಮೇಲೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ತೆರೆದವು. ಆದರೆ ತಿಂಗಳ ತರಬೇತಿಯಿಂದಲೇ ಕೈ ಪಳಗುವುದಿಲ್ಲ. ಮನೆಗೆ ಬಂದು ಅಕ್ಕನನ್ನೋ ಅತ್ತಿಗೆಯನ್ನೋ ಮಳೆ ಸುರಿಯುವ ಸಂಜೆ ಜಗಲಿಯಲ್ಲಿ ಕೂರಿಸಿ ತುರುಬು ಕಟ್ಟಿ. ರಾತ್ರಿ ಊಟದ ಹೊತ್ತಿಗೆ ಎಷ್ಟು ಪಿನ್ ಜಾರಿವೆ, ಎಲ್ಲಿಂದ ಜಾರಿವೆ ಎಂದು ಎಣಿಸಿ ನೋಡಿ.