ಕೆಟ್ಟದ್ದು ಪೆಟ್ಟಿಗೆಯೋ, ತಂತಿಯೋ?

ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ಇರುಳಿನಲ್ಲಿ ರಾಯಚೂರಿಗೆ ಬರುವ ಕಾರಿನ ದೀಪಗಳು ಹಠಾತ್ತನೆ ಆರಿದರೆ ಪ್ರಯಾಣಿಕರ ಪ್ರಾಣಕ್ಕೇ ಅಪಾಯ. ಇಂದಿನ ಅನೇಕ ಕಾರುಗಳಲ್ಲಿ ದೀಪ, ವೈಪರ್, ಹಾರ್ನ್, ಬಾಗಿಲಿನ ಬೀಗ ಇವೆಲ್ಲವನ್ನೂ ಆಳುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಚಿಕ್ಕ ಪೆಟ್ಟಿಗೆ.

ಇವು ಒಟ್ಟಿಗೆ ಕೆಟ್ಟೊಡನೆ ಪೆಟ್ಟಿಗೆಯನ್ನೇ ದೂರುವುದು ಆತುರದ ಮಾತು. ಅದರ ಬೆಲೆಯೂ ಅಲ್ಪವಲ್ಲ. ಬಲ್ಲ ಮೆಕ್ಯಾನಿಕನು ಮೊದಲು ಬ್ಯಾಟರಿಯನ್ನು ಅಳೆಯುತ್ತಾನೆ. ಎಂಜಿನ್ನು ನಿಂತಿರುವಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು. ಬಳಿಕ ಫ್ಯೂಸುಗಳನ್ನೂ ಅರ್ತ್ ತಂತಿಯನ್ನೂ ಪರೀಕ್ಷಿಸುತ್ತಾನೆ. ತುಕ್ಕು ಹಿಡಿದ ಒಂದು ಬೋಲ್ಟು ಇದೇ ಲಕ್ಷಣಗಳನ್ನು ತೋರಬಲ್ಲದು! ಮಾನ್ವಿಯ ಭತ್ತದ ಗದ್ದೆಗಳ ಬಳಿ ನಿಲ್ಲುವ ಕಾರಿಗೆ ತಂತಿ ಕಡಿಯುವ ಇಲಿಗಳ ಭಯವೂ ಉಂಟು.

ಕಾರಿನ ಘಟಕಗಳು ಜೋಡಿ ತಂತಿಗಳ ಮೂಲಕ ಪರಸ್ಪರ ಸಂದೇಶ ಕಳುಹುವ ಪದ್ಧತಿಯನ್ನು ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಲೋಕಕ್ಕೆ ಪರಿಚಯಿಸಿತು. ಈ ತಂತಿಗಳ ಎರಡು ತುದಿಗಳಲ್ಲಿಯೂ ಸಾಮಾನ್ಯವಾಗಿ 120 ಓಮ್ ರೋಧಕಗಳಿರುವುದರಿಂದ, ಬ್ಯಾಟರಿ ಬಿಡಿಸಿ ಅಳೆದಾಗ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದುಹೋಗಿದೆಯೆಂದೇ ತಿಳಿಯಬೇಕು.

ವಿದ್ಯುತ್ತು, ಅರ್ತ್, ಸಂದೇಶ ಮೂರೂ ತಲುಪಿದರೂ ಪೆಟ್ಟಿಗೆಯಿಂದ ಆಜ್ಞೆ ಹೊರಡದಿದ್ದರೆ ಮಾತ್ರ ಅದನ್ನು ಬದಲಿಸತಕ್ಕದ್ದು. ಹೊಸದಕ್ಕೆ ಸ್ಕ್ಯಾನರಿನಿಂದ ಆ ಕಾರಿನ ವಿವರಗಳನ್ನು ತುಂಬಬೇಕು. ಇಲ್ಲವಾದರೆ ಹಲವು ಮಾದರಿಗಳಲ್ಲಿ ಅದು ಹಳೆಯ ಕೀಲಿಕೈಯನ್ನು ಗುರುತಿಸದೆ, ಎಂಜಿನ್ನು ಚಾಲನೆಗೊಳ್ಳದು.