ಬರಹಕ್ಕೂ ಪುಟಕ್ಕೂ ನಡುವೆ ಟರ್ಮಿನಲ್

ಜಾಲತಾಣದ ಬರಹಗಳನ್ನು ಬರೆದು, ತಿದ್ದಿ, ಕಾಪಿಡುವ ತಂತ್ರಾಂಶಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಚಿಕ್ಕದಾಗಿ ಸಿಎಂಎಸ್ ಎಂದು ಹೆಸರು. ಆ ಬರಹವನ್ನು ಓದುಗರ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಪುಟವಾಗಿ ತೋರಿಸುವ ಭಾಗ ಫ್ರಂಟ್‌ಎಂಡ್. 2003ರಲ್ಲಿ ಬಂದ ವರ್ಡ್‌ಪ್ರೆಸ್‌ನಲ್ಲಿ ಇವೆರಡೂ ಒಂದೇ ಸೂರಿನಡಿ ಇದ್ದವು: ಡೇಟಾಬೇಸಿನಿಂದ ಬರಹ ತೆಗೆಯುವುದೂ ಪುಟ ಕಟ್ಟುವುದೂ ಪಿಎಚ್‌ಪಿ ಭಾಷೆಯ ಒಂದೇ ಪ್ರೋಗ್ರಾಮಿನ ಕೆಲಸ. ಈಗ ಎಷ್ಟೋ ತಾಣಗಳಲ್ಲಿ ಇವು ಬೇರೆಬೇರೆ ಸರ್ವರುಗಳಲ್ಲಿವೆ. ಪುಟ ಕಟ್ಟುವ ಹೊಣೆ ನೆಕ್ಸ್ಟ್.ಜೆಎಸ್‌ನಂಥ ಫ್ರಂಟ್‌ಎಂಡ್‌ಗೆ ಹೋಗಿದೆ. ಸಿಎಂಎಸ್ ಬರಹವನ್ನಷ್ಟೇ ಕಾದಿಟ್ಟುಕೊಂಡು, ಕೇಳಿದಾಗ ಜೇಸನ್ ಎಂಬ, ಪ್ರೋಗ್ರಾಮುಗಳು ಓದಬಲ್ಲ ಪಠ್ಯರೂಪದಲ್ಲಿ ಕೊಡುತ್ತದೆ. ಈ ಬಗೆಯ ಸಿಎಂಎಸ್‌ಗೆ ಹೆಡ್‌ಲೆಸ್ ಎನ್ನುತ್ತಾರೆ. ಸ್ಟ್ರಾಪಿ, ಸ್ಯಾನಿಟಿ, ಕಂಟೆಂಟ್‌ಫುಲ್ ಹುಟ್ಟಿದ್ದೇ ಹೀಗೆ. ವರ್ಡ್‌ಪ್ರೆಸ್‌ಗೆ ಈ ಸೌಲಭ್ಯ ಪೂರ್ತಿಯಾಗಿ ಸೇರಿದ್ದು 2016ರ ಡಿಸೆಂಬರಿನ 4.7ನೇ ಆವೃತ್ತಿಯಲ್ಲಿ, ಡ್ರೂಪಲ್ ಎಂಬ ಇನ್ನೊಂದು ಸಿಎಂಎಸ್‌ಗೆ 2019ರಲ್ಲಿ.

ಬೇರೆಯಾದ ಈ ಎರಡನ್ನು ಜೋಡಿಸುವ ಕೆಲಸದ ದೊಡ್ಡ ಪಾಲು ನಡೆಯುವುದು ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಕಪ್ಪು ಪರದೆಯಲ್ಲಿ. ಬರಹಗಾರರಿಗೆ ಗುಂಡಿ ಒತ್ತುವ ಡ್ಯಾಶ್‌ಬೋರ್ಡೇ ಸರಿ. ಜೋಡಣೆ ಮಾತ್ರ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಡೆವಲಪರ್‌ನ ಲ್ಯಾಪ್‌ಟಾಪಿನಲ್ಲಿ, ಪರೀಕ್ಷೆಯ ಸರ್ವರಿನಲ್ಲಿ, ಕೊನೆಗೆ ಓದುಗರಿಗೆ ತೆರೆದಿರುವ ಸರ್ವರಿನಲ್ಲಿ ಅದೇ ಹೆಜ್ಜೆಗಳು ಅದೇ ಕ್ರಮದಲ್ಲಿ ನಡೆಯಬೇಕು. ಕಮಾಂಡುಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ ಯಾರು ನಡೆಸಿದರೂ ಫಲ ಒಂದೇ.

ವರ್ಡ್‌ಪ್ರೆಸ್‌ಗಾಗಿ ಇರುವ ಸಾಧನ ಡಬ್ಲ್ಯೂಪಿ-ಸಿಎಲ್‌ಐ. 2011ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು. ಇದರಂತೆಯೇ ಡ್ರೂಪಲ್‌ಗೆ ಡ್ರಶ್ ಇದೆ. ವರ್ಡ್‌ಪ್ರೆಸ್ ಇಳಿಸಿಕೊಳ್ಳುವುದು, ಡೇಟಾಬೇಸಿನ ವಿವರ ತುಂಬುವುದು, ಪ್ಲಗಿನ್ ಹಾಕುವುದು, ಬಳಕೆದಾರರನ್ನು ಸೇರಿಸುವುದು ಎಲ್ಲಕ್ಕೂ ಡಬ್ಲ್ಯೂಪಿ-ಸಿಎಲ್‌ಐನಲ್ಲಿ ಒಂದೊಂದು ಸಾಲಿನ ಕಮಾಂಡ್ ಸಾಕು. ಬಹಳ ಉಪಕಾರಕ್ಕೆ ಬರುವುದು ಸರ್ಚ್-ರಿಪ್ಲೇಸ್. ತಾಣದ ವಿಳಾಸ ಬದಲಾದಾಗ ಹಳೆಯ ವಿಳಾಸ ಡೇಟಾಬೇಸಿನ ಮೂಲೆಮೂಲೆಯಲ್ಲಿ ಉಳಿದಿರುತ್ತದೆ. ಅದರಲ್ಲಿ ಕೆಲವು ಕಡೆ ಪಠ್ಯದ ಉದ್ದವನ್ನೂ ಜೊತೆಗೇ ದಾಖಲಿಸಿರುವುದರಿಂದ, ನೇರವಾಗಿ ಅಕ್ಷರ ಬದಲಿಸಿದರೆ ಲೆಕ್ಕ ತಪ್ಪಿ ಸೆಟ್ಟಿಂಗುಗಳು ಕೆಡುತ್ತವೆ. ಈ ಕಮಾಂಡ್ ಉದ್ದವನ್ನೂ ಸರಿಪಡಿಸುತ್ತದೆ. ಡ್ರೈ-ರನ್ ಎಂಬ ಸೂಚನೆ ಜೊತೆಗಿದ್ದರೆ ಏನನ್ನೂ ಮುಟ್ಟದೆ, ಎಲ್ಲೆಲ್ಲಿ ಎಷ್ಟು ಬದಲಾಗಲಿದೆ ಎಂದು ಮೊದಲೇ ತೋರಿಸುತ್ತದೆ. ಅದನ್ನು ನೋಡದೆ ಮುಂದುವರಿಯಬಾರದು.

ಫ್ರಂಟ್‌ಎಂಡ್ ಬರೆಯಲು ಕೂರುವ ಮೊದಲು ಸಿಎಂಎಸ್ ನಿಜಕ್ಕೂ ಏನು ಕೊಡುತ್ತಿದೆ ಎಂದು ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಬೇಕಾದವು ಕರ್ಲ್ ಮತ್ತು ಜೆಕ್ಯೂ. ಕರ್ಲ್ 1998ರಿಂದ ಬಳಕೆಯಲ್ಲಿದೆ, ಸ್ವೀಡನ್ನಿನ ಡ್ಯಾನಿಯಲ್ ಸ್ಟೆನ್‌ಬರ್ಗ್ ರೂಪಿಸಿದ್ದು. ಕೊಟ್ಟ ವಿಳಾಸಕ್ಕೆ ಹೋಗಿ ಉತ್ತರ ತರುತ್ತದೆ. ಜೆಕ್ಯೂ ಆ ಜೇಸನ್ ಉತ್ತರವನ್ನು ಬಿಡಿಸಿ ಓದಿಸುತ್ತದೆ. ಕನ್ನಡದ ತಾಣವೊಂದರ ಬರಹಗಳನ್ನು ವರ್ಡ್‌ಪ್ರೆಸ್‌ನಿಂದ ಕರ್ಲ್ ಮೂಲಕ ತರಿಸಿದರೆ ಮೊದಲು ಒಂದು ಕನ್ನಡ ಅಕ್ಷರವೂ ಕಾಣುವುದಿಲ್ಲ. ‘ಕ’ ಇರಬೇಕಾದಲ್ಲಿ ಅದರ ಯೂನಿಕೋಡ್ ಸಂಕೇತ 0ಸಿ95 ಕೂತಿರುತ್ತದೆ, ಪ್ರತಿ ಅಕ್ಷರವೂ ಹೀಗೇ. ಫಾಂಟ್ ಕೆಟ್ಟಿದೆ, ಡೇಟಾಬೇಸ್ ಹಾಳಾಗಿದೆ ಎಂದು ಗಾಬರಿಯಾಗಬೇಕಿಲ್ಲ. ಪಿಎಚ್‌ಪಿ ಜೇಸನ್ ಬರೆಯುವ ವಾಡಿಕೆಯೇ ಅದು. ಅದೇ ಉತ್ತರವನ್ನು ಜೆಕ್ಯೂಗೆ ದಾಟಿಸಿದರೆ ಕನ್ನಡ ಕನ್ನಡವಾಗಿಯೇ ಮೂಡುತ್ತದೆ.

ಅಲ್ಲಿಯೇ ಇನ್ನೂ ಕೆಲವು ಸಂಗತಿಗಳು ಹೊರಬೀಳುತ್ತವೆ. ನೂರಾರು ಬರಹಗಳಿದ್ದರೂ ಬಂದದ್ದು ಹತ್ತೇ. ಬೇರೆ ಸಂಖ್ಯೆ ಕೇಳದಿದ್ದರೆ ವರ್ಡ್‌ಪ್ರೆಸ್ ಒಮ್ಮೆಗೆ 10 ಕೊಡುತ್ತದೆ, ಕೇಳಿದರೂ 100ಕ್ಕಿಂತ ಹೆಚ್ಚು ಕೊಡುವುದಿಲ್ಲ. ಒಟ್ಟು ಎಷ್ಟಿವೆ, ಎಷ್ಟು ಕಂತು ಎಂಬುದನ್ನು ಉತ್ತರದ ಹೆಡರಿನಲ್ಲಿ ತಿಳಿಸುತ್ತದೆ. ಬರಹಗಳು ಮಾಯವಾದವೆಂಬ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ. ಇನ್ನೂ ಪ್ರಕಟಿಸದ ಕರಡು ಬರಹ ಗುರುತು ತೋರಿಸದವರಿಗೆ ಸಿಗುವುದೇ ಇಲ್ಲ.

ಕನ್ನಡ ತಾಣಗಳಿಗೆ ಹೆಚ್ಚು ಕಾಟ ಕೊಡುವುದು ಸ್ಲಗ್, ಎಂದರೆ ವಿಳಾಸದ ಕೊನೆಯಲ್ಲಿ ಬರುವ ಶೀರ್ಷಿಕೆಯ ಭಾಗ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟು. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಗುರುತು ಸೇರಿ ಮೂರು ಸ್ಥಾನ ಹಿಡಿಯುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಸೇರಿ ಐದು ಯೂನಿಕೋಡ್ ಚಿಹ್ನೆಗಳಿವೆ, ಹಾಗಾಗಿ ಅದೊಂದೇ ಪದಕ್ಕೆ 45 ಸ್ಥಾನ. ವರ್ಡ್‌ಪ್ರೆಸ್ ಸ್ಲಗ್‌ಗೆ ಮೀಸಲಿಟ್ಟಿರುವುದು 200. ಕನ್ನಡದ ಸುಮಾರು 22 ಚಿಹ್ನೆಗಳಲ್ಲಿ ಅದು ಮುಗಿಯುತ್ತದೆ, ಉದ್ದನೆಯ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಈ ಸಂಕೇತಗಳಲ್ಲಿ ಬರುವ ಇಂಗ್ಲಿಷ್ ಅಕ್ಷರಗಳನ್ನು ವರ್ಡ್‌ಪ್ರೆಸ್ ಸಣ್ಣಕ್ಷರದಲ್ಲಿ ಉಳಿಸಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ದೊಡ್ಡಕ್ಷರದಲ್ಲಿ ಬರೆಯುತ್ತದೆ. ಎರಡನ್ನೂ ಹಾಗೇ ಹೋಲಿಸಿದರೆ ಒಂದೇ ವಿಳಾಸ ಬೇರೆಬೇರೆಯೆಂದು ತೋರಿ, ಇರುವ ಬರಹಕ್ಕೂ ಪುಟ ಸಿಗಲಿಲ್ಲವೆಂಬ ಉತ್ತರ ಬರುತ್ತದೆ. ಟರ್ಮಿನಲ್ಲಿನಲ್ಲಿ ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ ಕ್ಷಣದಲ್ಲಿ ಗೊತ್ತಾಗುವ ತಪ್ಪಿದು; ಬ್ರೌಸರಿನ ವಿಳಾಸಪಟ್ಟಿ ಅದನ್ನು ಅಂದವಾದ ಕನ್ನಡವಾಗಿಸಿ ಮುಚ್ಚಿಬಿಡುತ್ತದೆ.

ಕರಡು ನೋಡಲು, ಹೊರಗಿನಿಂದ ಬರಹ ಸೇರಿಸಲು ಗುಟ್ಟಿನ ಕೀಲಿ ಬೇಕು. ವರ್ಡ್‌ಪ್ರೆಸ್ 2020ರ 5.6ನೇ ಆವೃತ್ತಿಯಿಂದ ಇದಕ್ಕೆಂದೇ ಅಪ್ಲಿಕೇಶನ್ ಪಾಸ್‌ವರ್ಡ್ ಕೊಡುತ್ತದೆ. ನೆಕ್ಸ್ಟ್.ಜೆಎಸ್‌ನಲ್ಲಿ ಇಂಥ ಕೀಲಿಗಳಿಗೆ ಎನ್ವ್ ಫೈಲು ಇದೆ. ಕೀಲಿಯ ಹೆಸರು ‘ನೆಕ್ಸ್ಟ್ ಪಬ್ಲಿಕ್’ ಎಂದು ಆರಂಭವಾದರೆ, ಬ್ರೌಸರಿಗೆ ಹೋಗುವ ಕೋಡಿನಲ್ಲಿ ಅದನ್ನು ಬಳಸಿದ ಕಡೆಯೆಲ್ಲ ಅದರ ಬೆಲೆಯೇ ಬರೆದುಹೋಗುತ್ತದೆ. ಬರೆಯುವ ಹಕ್ಕಿರುವ ಕೀಲಿಗೆ ಆ ಹೆಸರು ಎಂದೂ ಸಲ್ಲದು. ಎನ್ವ್ ಫೈಲನ್ನು, ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ಸೇರಿಸುವುದೂ ಅಷ್ಟೇ ಅಪಾಯ.

ಕರ್ಲ್‌ಗೆ ಸಿಕ್ಕ ಉತ್ತರ ಬ್ರೌಸರಿಗೆ ಸಿಗದಿರುವುದೂ ಉಂಟು. ಒಂದು ತಾಣದ ಪುಟ ಇನ್ನೊಂದು ತಾಣದ ಡೇಟಾ ಕೇಳಿದಾಗ, ಆ ಇನ್ನೊಂದು ತಾಣ ಒಪ್ಪಿಗೆ ಸೂಚಿಸದಿದ್ದರೆ ಬ್ರೌಸರು ಉತ್ತರವನ್ನು ತಡೆಹಿಡಿಯುತ್ತದೆ. ಕಾರ್ಸ್ ಎಂಬ ಈ ಕಟ್ಟಳೆ ಟರ್ಮಿನಲ್ಲಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಅಲ್ಲಿ ಉತ್ತರ ಬಂದು ಇಲ್ಲಿ ಬರದಿದ್ದರೆ ಮೊದಲು ಹುಡುಕಬೇಕಾದದ್ದು ಒಪ್ಪಿಗೆಯ ಪಟ್ಟಿಯನ್ನು. ಸ್ಯಾನಿಟಿಯಲ್ಲಿ ಹೊಸ ವಿಳಾಸವನ್ನು ಆ ಪಟ್ಟಿಗೆ ಸೇರಿಸಲು ‘ಕಾರ್ಸ್ ಆ್ಯಡ್’ ಎಂಬ ಕಮಾಂಡೇ ಇದೆ.

ಸಿಎಂಎಸ್‌ನಲ್ಲಿ ಯಾರೋ ‘ಲೇಖಕರು’ ಎಂಬ ಅಂಕಣದ ಹೆಸರು ಬದಲಿಸಿದರೆ ಫ್ರಂಟ್‌ಎಂಡ್‌ಗೆ ಸುದ್ದಿ ಮುಟ್ಟುವುದು ಹೇಗೆ? ಸ್ಯಾನಿಟಿಯ ಟೈಪ್‌ಜೆನ್ ಬರಹದ ವಿನ್ಯಾಸವನ್ನು ಓದಿ ಟೈಪ್‌ಸ್ಕ್ರಿಪ್ಟ್ ವ್ಯಾಖ್ಯೆಗಳನ್ನು ತಾನೇ ಬರೆದುಕೊಡುತ್ತದೆ. ಸ್ಟ್ರಾಪಿಯಲ್ಲೂ ಇಂಥ ಕಮಾಂಡ್ ಇದೆ. ಹೆಸರು ಹೊಂದದಿದ್ದರೆ ತಾಣ ಕಟ್ಟುವಾಗಲೇ ಕೆಲಸ ನಿಲ್ಲುತ್ತದೆ, ಓದುಗರ ಮುಂದೆ ಖಾಲಿ ಜಾಗ ಬರುವುದು ತಪ್ಪುತ್ತದೆ. ಕಂಟೆಂಟ್‌ಫುಲ್‌ನಲ್ಲಿ ಆ ಬದಲಾವಣೆಯನ್ನೇ ಮೈಗ್ರೇಶನ್ ಫೈಲಾಗಿ ಬರೆದು ಕಮಾಂಡ್ ಮೂಲಕ ನಡೆಸಬಹುದು.

ಬರಹಗಳನ್ನು ಹೊರತೆಗೆದು ಬೇರೆಡೆ ಇಡುವುದಕ್ಕೂ ಇದೇ ದಾರಿ. ಡಬ್ಲ್ಯೂಪಿ-ಸಿಎಲ್‌ಐ ಎಕ್ಸ್‌ಎಂಎಲ್ ಫೈಲು ಕೊಡುತ್ತದೆ, ಕಂಟೆಂಟ್‌ಫುಲ್ ಜೇಸನ್, ಸ್ಯಾನಿಟಿ ಚಿತ್ರಗಳನ್ನೂ ಸೇರಿಸಿ ಕಟ್ಟಿದ ಒಂದು ಗಂಟು. ಸರ್ವರಿನ ಕ್ರಾನ್‌ನಲ್ಲಿ ಈ ಕಮಾಂಡನ್ನು ಒಮ್ಮೆ ಬರೆದಿಟ್ಟರೆ ದಿನವೂ ನಿಗದಿತ ಹೊತ್ತಿಗೆ ಪ್ರತಿ ತಯಾರಾಗುತ್ತದೆ. ವರ್ಡ್‌ಪ್ರೆಸ್‌ನ ಎಕ್ಸ್‌ಎಂಎಲ್‌ನಲ್ಲಿ ಚಿತ್ರಗಳ ವಿಳಾಸ ಮಾತ್ರ ಇರುವುದರಿಂದ ಅಪ್‌ಲೋಡ್ಸ್ ಫೋಲ್ಡರನ್ನು ಬೇರೆಯಾಗಿಯೇ ನಕಲು ಮಾಡಿಕೊಳ್ಳಬೇಕು.