ಥಾಯ್ಲೆಂಡಿನಲ್ಲಿ ಪರದೇಶೀಯರ ವಾಸಸ್ಥಳ ವರದಿ

ಪರದೇಶದಲ್ಲಿ ನೆಲಸಿದವನು ತಾನು ಎಲ್ಲಿ ವಾಸಿಸುತ್ತಿರುವನೆಂಬುದನ್ನು ಅಲ್ಲಿಯ ಸರಕಾರಕ್ಕೆ ತಿಳಿಸತಕ್ಕದ್ದೆಂಬ ನಿಯಮವು ಅನೇಕ ರಾಷ್ಟ್ರಗಳಲ್ಲಿ ಉಂಟು. ಸಾಮಾನ್ಯವಾಗಿ ಬಿಡಾರ ಬದಲಾದಾಗ ಮಾತ್ರ ಈ ಕರ್ತವ್ಯವು ಒದಗುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮನೆ ಬದಲಿಸಿದ 10 ದಿನಗಳೊಳಗೆ ತಿಳಿಸಿದರೆ ಸಾಕು. ಪ್ರತಿ ಜನವರಿಯಲ್ಲಿ ವಿಳಾಸವನ್ನು ಒಪ್ಪಿಸಬೇಕೆಂದು ಅಲ್ಲಿ ಹಿಂದೆ ಇದ್ದ ಕಟ್ಟಳೆಯನ್ನು 1981ರ ತಿದ್ದುಪಡಿಯು ತೆಗೆದುಹಾಕಿತು. ಥಾಯ್ಲೆಂಡಿನ ಪದ್ಧತಿಯಾದರೋ ಇದಕ್ಕಿಂತ ಭಿನ್ನವಾದದ್ದು. ಅಲ್ಲಿ ವಿಳಾಸವು ಬದಲಾಗದಿದ್ದರೂ 90 ದಿನಗಳಿಗೊಮ್ಮೆ ಅದನ್ನೇ ಪುನಃ ಹೇಳಬೇಕು. ಈ ಪುನರುಕ್ತಿಯೇ ಪರದೇಶೀಯರ ಬೇಸರಕ್ಕೆ ಮೂಲವೆಂದು ಮೇಲುನೋಟಕ್ಕೆ ತೋರುತ್ತದೆ. ನಮಗೆ ಹಾಗೆ ತೋರುವುದಿಲ್ಲ. ತೊಡಕಿನ ಮೂಲವು ಬೇರೊಂದು ಕಲಮಿನಲ್ಲಿದೆ. ಅದು ಪರದೇಶೀಯನನ್ನು ಕುರಿತದ್ದೇ ಅಲ್ಲ.

ಈ ವಿಷಯವನ್ನು ಆಳುವುದು 1979ರ ಥಾಯ್ ವಲಸೆ ಶಾಸನ. ಅದರ 37ನೆಯ ಕಲಮು, ತಾತ್ಕಾಲಿಕ ವಾಸಕ್ಕೆ ಅನುಮತಿ ಪಡೆದವನು ಪಾಲಿಸಬೇಕಾದ ನಿಬಂಧನೆಗಳನ್ನು ಹೇಳುತ್ತದೆ. ಬಿಡಾರ ಬದಲಿಸಿದರೆ 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸಬೇಕು. ಬೇರೊಂದು ಪ್ರಾಂತಕ್ಕೆ ಹೋಗಿ 24 ಗಂಟೆಗಳಿಗಿಂತ ಹೆಚ್ಚು ತಂಗಿದರೆ 48 ಗಂಟೆಗಳೊಳಗೆ ತಿಳಿಸಬೇಕು. 90 ದಿನ ಮೀರಿ ದೇಶದಲ್ಲಿ ಉಳಿದರೆ ವಾಸಸ್ಥಳವನ್ನು ಬರೆಹದ ಮೂಲಕ ತಿಳಿಸಿ, ಮುಂದೆಯೂ 90 ದಿನಗಳಿಗೊಮ್ಮೆ ಹಾಗೆಯೇ ಮಾಡುತ್ತಿರಬೇಕು. 38ನೆಯ ಕಲಮು ಮನೆಯೊಡೆಯನಿಗೆ ಸಂಬಂಧಿಸಿದ್ದು. ಪರದೇಶೀಯನಿಗೆ ಆಶ್ರಯ ಕೊಟ್ಟ ಗೃಹಪತಿಯಾಗಲಿ, ಮಾಲೀಕನಾಗಲಿ, ಸ್ವಾಧೀನದಾರನಾಗಲಿ, ಹೋಟೆಲಿನ ವ್ಯವಸ್ಥಾಪಕನಾಗಲಿ 24 ಗಂಟೆಗಳೊಳಗೆ ಅದನ್ನು ಅಧಿಕಾರಿಗೆ ತಿಳಿಸತಕ್ಕದ್ದು. ಮೊದಲನೆಯ ವರದಿಯ ನಮೂನೆಗೆ ಟಿ.ಎಂ. 47 ಎಂದೂ, ಎರಡನೆಯದಕ್ಕೆ ಟಿ.ಎಂ. 30 ಎಂದೂ ಹೆಸರು. ಥಾಯ್ ಭಾಷೆಯ ಗಂಧವಿಲ್ಲದ ಪರದೇಶೀಯನೂ ಈ ಎರಡು ಹೆಸರುಗಳನ್ನು ಬೇಗನೆ ಕಲಿತುಕೊಳ್ಳುತ್ತಾನೆ.

90 ದಿನಗಳ ವರದಿಯನ್ನು ಮೊದಲು ನೋಡೋಣ. ಇದರಿಂದ ಯಾವ ಹಕ್ಕೂ ಪ್ರಾಪ್ತವಾಗುವುದಿಲ್ಲ. ವೀಸಾದ ಅವಧಿ ಒಂದು ದಿನವೂ ಹೆಚ್ಚುವುದಿಲ್ಲ. ಹೊಸಬರು ಇವೆರಡನ್ನು ಒಂದೇ ಎಂದು ಭಾವಿಸಿ, ವರದಿ ಕೊಟ್ಟೆವಲ್ಲಾ ಎಂಬ ಧೈರ್ಯದಲ್ಲಿ ವಾಸದ ಅನುಮತಿ ಮುಗಿದುದನ್ನು ಮರೆಯುವುದುಂಟು. ಶುಲ್ಕವಿಲ್ಲ. ಗಡುವಿಗೆ 15 ದಿನ ಮುಂಚಿನಿಂದ 7 ದಿನ ಅನಂತರದವರೆಗೆ ಕಚೇರಿಯಲ್ಲಿ ಸ್ವೀಕರಿಸುತ್ತಾರೆ. ಸ್ವತಃ ಹೋಗಬಹುದು, ಬೇರೊಬ್ಬರನ್ನು ಕಳುಹಿಸಬಹುದು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಬಹುದು. ಇತ್ತೀಚಿನ ವರ್ಷಗಳಲ್ಲಿ ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ಅಧಿಕಾರಿಯು ಮುಂದಿನ ದಿನಾಂಕವನ್ನು ಮುದ್ರಿಸಿದ ಚೀಟಿಯೊಂದನ್ನು ಪಾಸ್‌ಪೋರ್ಟಿಗೆ ಪಿನ್ನು ಹೊಡೆದು ಕೊಡುತ್ತಾನೆ. ನಡುವೆ ದೇಶ ಬಿಟ್ಟು ಹೋದರೆ ಎಣಿಕೆಯು ಮರಳಿ ಬಂದ ದಿನದಿಂದ ಹೊಸದಾಗಿ ಪ್ರಾರಂಭವಾಗುತ್ತದೆ. ಆದುದರಿಂದ ವ್ಯಾಪಾರ ನಿಮಿತ್ತ ಆಗಾಗ ಹೊರಗೆ ಹೋಗಿಬರುವವನಿಗೆ ಈ ಕರ್ತವ್ಯವು ಒದಗದೆಯೇ ಹೋಗಬಹುದು. ಚಿಯಾಂಗ್ ಮಾಯ್‌ನಲ್ಲೋ ಹುವಾ ಹಿನ್‌ನಲ್ಲೋ ಮನೆ ಮಾಡಿಕೊಂಡು ಕದಲದೆ ಕುಳಿತ ನಿವೃತ್ತನಿಗೆ ಇದು ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಅತ್ಯಂತ ಕಡಿಮೆ ಚಲಿಸುವವನಿಂದಲೇ ಅತ್ಯಂತ ಹೆಚ್ಚು ವರದಿಗಳನ್ನು ಕೇಳುವ ಪದ್ಧತಿಯಿದು.

ಹೀಗಿದ್ದರೂ ಬಹುಮಂದಿ ಇದನ್ನು ಸಹಿಸಿಕೊಂಡಿದ್ದಾರೆ. ಬ್ಯಾಂಕಾಕಿನ ಚೇಂಗ್ ವತ್ತನ ರಸ್ತೆಯ ಸರಕಾರಿ ಭವನ ಸಮುಚ್ಚಯದಲ್ಲಿ ಒಂದು ಮುಂಜಾನೆ ಕಳೆದರೆ ಮುಗಿಯಿತು. ತಪ್ಪಿದವನು ತಾನಾಗಿ ಹೋಗಿ ಒಪ್ಪಿಕೊಂಡರೆ ವಾಡಿಕೆಯಲ್ಲಿ 2,000 ಬಾತ್ ದಂಡ. ಶಾಸನದಲ್ಲಿರುವ ಮಿತಿ 5,000 ಬಾತ್, ಅದರ ಮೇಲೆ ದಿನವೊಂದಕ್ಕೆ 200 ಬಾತ್‌ವರೆಗೆ. ಕೆಲಸವು ತನ್ನ ಕೈಯಲ್ಲಿದೆ, ತಪ್ಪಿದರೆ ತಪ್ಪು ತನ್ನದು. ಇಷ್ಟರಲ್ಲಿ ಅನ್ಯಾಯವೇನೂ ಇಲ್ಲ.

38ನೆಯ ಕಲಮಿನ ಸ್ಥಿತಿ ಹೀಗಲ್ಲ. ಅಲ್ಲಿ ಕರ್ತವ್ಯವು ಮನೆಯೊಡೆಯನದು, ಕಷ್ಟವು ಬಾಡಿಗೆದಾರನದು. ಒಡೆಯನು ಬೇರೆ ಊರಿನಲ್ಲಿ ಇರಬಹುದು. ಇಂಥದೊಂದು ನಿಯಮವುಂಟೆಂದೇ ಅರಿಯದೆ ಇರಬಹುದು. ಬಾಡಿಗೆಯ ಆದಾಯವು ತೆರಿಗೆಯವರ ಕಣ್ಣಿಗೆ ಬಿದ್ದೀತೆಂದು ಹಿಂಜರಿಯಲೂ ಬಹುದು. ಅವನು ವರದಿ ಮಾಡದಿದ್ದರೆ ಶಾಸನದ ಪ್ರಕಾರ ದಂಡ ತೆರಬೇಕಾದವನು ಅವನೇ. ಆದರೆ ವರ್ಷಕ್ಕೊಮ್ಮೆ ವಾಸದ ಅನುಮತಿಯನ್ನು ಮುಂದುವರಿಸಿಕೊಳ್ಳಲು ಕಚೇರಿಯ ಮುಂದೆ ನಿಲ್ಲುವವನು ಬಾಡಿಗೆದಾರ. ಬ್ಯಾಂಕಿನಲ್ಲಿ 8,00,000 ಬಾತ್ ಇಟ್ಟಿರುವ ದಾಖಲೆಯನ್ನೂ 1,900 ಬಾತ್ ಶುಲ್ಕವನ್ನೂ ಹಿಡಿದು ಹೋದ ನಿವೃತ್ತನಿಗೆ, ಮನೆಯೊಡೆಯನ ರಸೀದಿಯಿಲ್ಲದೆ ಅರ್ಜಿಯನ್ನು ಮುಟ್ಟುವುದಿಲ್ಲವೆಂಬ ಉತ್ತರ ಬಂದದ್ದುಂಟು. ಆಗ ಅವನು ಒಡೆಯನನ್ನು ಕಾಡಿಬೇಡಿ ಕರೆತರುತ್ತಾನೆ. ಇಲ್ಲವೇ ಒಡೆಯನ ದಂಡವನ್ನು ತಾನೇ ತೆತ್ತು ಹಿಂದಿರುಗುತ್ತಾನೆ. ಕೆಲವು ಕಚೇರಿಗಳು ಬಾಡಿಗೆದಾರನನ್ನೇ ಸ್ವಾಧೀನದಾರನೆಂದು ಅರ್ಥೈಸಿ ಅವನಿಂದಲೇ ವರದಿಯನ್ನು ಸ್ವೀಕರಿಸುತ್ತವೆ. ಬೇರೆ ಕಚೇರಿಗಳು ಒಪ್ಪುವುದಿಲ್ಲ. ಒಂದೇ ಶಾಸನವು ಪ್ರಾಂತಕ್ಕೊಂದು ಬಗೆಯಾಗಿ ನಡೆಯುತ್ತದೆಂಬುದು ಅಲ್ಲಿ ನೆಲಸಿದವರ ಸಾಮಾನ್ಯ ದೂರು.

ಥಾಯ್ ಹೆಂಗಸನ್ನು ಮದುವೆಯಾದ ಪರದೇಶೀಯನ ಸ್ಥಿತಿ ಇನ್ನೂ ವಿಚಿತ್ರವಾದುದು. ಮನೆ ಹೆಂಡತಿಯ ಹೆಸರಿನಲ್ಲಿದ್ದರೆ, ತನ್ನ ಮನೆಯಲ್ಲಿ ಪರದೇಶೀಯನೊಬ್ಬನು ತಂಗಿದ್ದಾನೆಂದು ಅವಳು ಗಂಡನ ವಿಷಯವಾಗಿ ವರದಿ ಮಾಡಬೇಕು. ದಂಪತಿಗಳು ಫುಕೆಟ್‌ಗೆ ಹೋಗಿ ಹೋಟೆಲಿನಲ್ಲಿ ಎರಡು ರಾತ್ರಿ ಉಳಿದರೆ ಹೋಟೆಲಿನವರು ಅವನ ಹೆಸರನ್ನು ಕಳುಹಿಸುತ್ತಾರೆ. ದಫ್ತರದಲ್ಲಿ ಅವನ ವಿಳಾಸವು ಆ ಹೋಟೆಲೇ ಆಗುತ್ತದೆ. ಮನೆಗೆ ಮರಳಿದೊಡನೆ ಹೆಂಡತಿ ಮತ್ತೊಮ್ಮೆ ಬರೆದುಕೊಡಬೇಕಾಗಿತ್ತು.

ಬಹುಕಾಲ ಈ ಕಲಮು ಹೋಟೆಲುಗಳ ಮಟ್ಟಿಗಲ್ಲದೆ ಹೆಚ್ಚಾಗಿ ಜಾರಿಯಲ್ಲಿರಲಿಲ್ಲ. 2019ರಲ್ಲಿ ಇದನ್ನು ಬಿಗಿಯಾಗಿ ನಡೆಸತೊಡಗಿದಾಗ ಪರದೇಶೀಯರು ಮನವಿಗೆ ಸಹಿ ಸಂಗ್ರಹಿಸಿದರು. ಆ ವರ್ಷದ ಆಗಸ್ಟ್‌ನಲ್ಲಿ ಬ್ಯಾಂಕಾಕಿನ ವಿದೇಶೀ ಪತ್ರಕರ್ತರ ಸಂಘದಲ್ಲಿ ವಲಸೆ ಅಧಿಕಾರಿಗಳ ಎದುರಿನಲ್ಲಿಯೇ ಚರ್ಚೆ ನಡೆಯಿತು. 2020ರ ಜೂನ್‌ನಲ್ಲಿ ನಿಯಮವನ್ನು ಸಡಿಲಿಸಲಾಯಿತು. ಒಮ್ಮೆ ವರದಿಯಾದ ವಿಳಾಸಕ್ಕೇ, ಅನುಮತಿಯ ಅವಧಿಯೊಳಗೆ ಮರಳಿ ಬಂದವನ ವಿಷಯದಲ್ಲಿ ಮತ್ತೆ ವರದಿ ಬೇಕಿಲ್ಲ. ಶಾಸನದ ಕಲಮು ಮಾತ್ರ ಇದ್ದಂತೆಯೇ ಇದೆ.

ಇದನ್ನು ಥಾಯ್ಲೆಂಡಿನ ವಿಲಕ್ಷಣತೆಯೆಂದು ನಮ್ಮವರು ತಳ್ಳಿಹಾಕುವಂತಿಲ್ಲ. ಮೈಸೂರಿನ ಗೋಕುಲಂ ಬಡಾವಣೆಗೆ ಯೋಗಾಭ್ಯಾಸಕ್ಕೆಂದು ಬರುವ ಪರದೇಶೀಯರಿಗೆ ಮನೆ ಬಾಡಿಗೆ ಕೊಡುವವರು ‘ಸಿ ಫಾರಂ’ ಎಂಬುದನ್ನು ಚೆನ್ನಾಗಿ ಬಲ್ಲರು; ಅದಕ್ಕೂ 24 ಗಂಟೆಗಳದೇ ಗಡುವು ಇತ್ತು. 1939ರ ಪರದೇಶೀಯರ ನೋಂದಣಿ ಶಾಸನವು ರದ್ದಾಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಶಾಸನವು ಜಾರಿಗೆ ಬಂದ ಮೇಲೂ ವಸತಿ ಕೊಟ್ಟವನ ಮೇಲಿನ ಈ ಹೊಣೆ ಹೋಗಿಲ್ಲ.

90 ದಿನಗಳ ಅವಧಿಯೂ ಎಲ್ಲರಿಗೂ ಒಂದೇ ಆಗಿ ಉಳಿದಿಲ್ಲ. ಶ್ರೀಮಂತರನ್ನೂ ವಿಶೇಷ ತಜ್ಞರನ್ನೂ ಆಕರ್ಷಿಸಲೆಂದು 2022ರಲ್ಲಿ ಥಾಯ್ ಸರಕಾರವು ದೀರ್ಘಾವಧಿಯ ಹೊಸ ವೀಸಾವೊಂದನ್ನು ಪ್ರಾರಂಭಿಸಿತು; ಅದನ್ನು ಪಡೆದವರು ವರ್ಷಕ್ಕೊಮ್ಮೆ ವರದಿ ಮಾಡಿದರೆ ಸಾಕು. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಬ್ಬನು ವರ್ಷಕ್ಕೊಂದು ಸಲವೂ ಅವನ ನೆರೆಯವನು ನಾಲ್ಕು ಸಲವೂ ತಾನಿರುವ ಸ್ಥಳವನ್ನು ಈಗ ಹೇಳುತ್ತಿದ್ದಾರೆ. ಅವರ ಮನೆಯೊಡೆಯರ ಕರ್ತವ್ಯದಲ್ಲಿ ಮಾತ್ರ ಯಾವ ವ್ಯತ್ಯಾಸವನ್ನೂ ಮಾಡಿಲ್ಲ.